ನಾವು ಬರೆದುಕೊಟ್ಟ ಕಾಗದ

ಉರ್ದೂ, ಕನ್ನಡ ಎರಡೂ ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ಮೊಹಲ್ಲಾದ ಅರ್ಜಿ, ಪತ್ರಗಳೆಲ್ಲ ನಮ್ಮ ಮನೆಗೇ ಬರುತ್ತವೆ. ರೇಷನ್ ಕಾರ್ಡಿನ ಅರ್ಜಿ, ಶಾದಿಯ ರುಕ್ಕಾ, ಬ್ಯಾಂಕಿನ ಕಾಗದ, ಯಾವುದಕ್ಕೂ ನಾವು ಇಲ್ಲವೆಂದವರಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ಹತ್ತಿರದ ಬಂಧುವೊಬ್ಬ ಇಶಾ ನಮಾಜಿನ ನಂತರ ಬಂದ. ಹೆಂಡತಿಗೆ ತಲಾಖ್ ಕೊಟ್ಟಿದ್ದ. ಆಕೆ ಜೀವನಾಂಶ ಕೇಳಿ ಕೋರ್ಟಿಗೆ ಹೋಗಿದ್ದಳು. "ಭಾಯಿ, ಮಂಡಿಯಲ್ಲಿ ನನಗೆ ಪಾಲಿಲ್ಲ, ತಮ್ಮನ ಹತ್ತಿರ ಸಂಬಳಕ್ಕಿದ್ದೇನೆ ಅಂತ ಒಂದು ಕಾಗದ ಬರೆದುಕೊಡಿ. ಸಹಿ ತಮ್ಮನೇ ಹಾಕುತ್ತಾನೆ" ಎಂದ. ಆ ಹಣ್ಣಿನ ಮಂಡಿಯಲ್ಲಿ ಅರ್ಧ ಪಾಲು ಅವನದೇ ಎಂದು ನಮಗೆ ಗೊತ್ತಿತ್ತು. ಆದರೂ ಬರೆದುಕೊಟ್ಟೆವು. ಅವನು ಚಹಾ ಕುಡಿದು ಹೋದ.

ಸಂಬಂಧ ಮುರಿದ ಮೇಲೆ ಜೀವನಾಂಶದಿಂದ ತಪ್ಪಿಸಿಕೊಳ್ಳುವುದು ಹೇಗೆ? ಈ ಪ್ರಶ್ನೆ ಒಂದು ಸಮುದಾಯದ್ದಲ್ಲ. ಯಾವ ಊರಿನ ಕೌಟುಂಬಿಕ ನ್ಯಾಯಾಲಯದ ಆವರಣದಲ್ಲಿ ನಿಂತರೂ ಎಲ್ಲ ಜಾತಿ ಧರ್ಮದ ಗಂಡಸರ ಬಾಯಲ್ಲೂ ಇದು ಕೇಳಿಸುತ್ತದೆ. ಆದರೆ ನಮ್ಮ ಸಮುದಾಯದಲ್ಲಿ ಇದಕ್ಕೊಂದು ದೊಡ್ಡ ಚರಿತ್ರೆಯೇ ಇರುವುದರಿಂದ ನಮ್ಮನ್ನು ನಾವೇ ಮೊದಲು ಕೇಳಿಕೊಳ್ಳಬೇಕಾಗಿದೆ.

ಇಂದೋರಿನ ಶಾಬಾನೊ ಮದುವೆಯಾದದ್ದು 1932ರಲ್ಲಿ. 43 ವರ್ಷ ಸಂಸಾರ ಮಾಡಿ, ಐದು ಮಕ್ಕಳನ್ನು ಹೆತ್ತ ಮೇಲೆ 1975ರಲ್ಲಿ ಮನೆಯಿಂದ ಹೊರಬಿದ್ದರು. 1978ರ ಏಪ್ರಿಲ್‌ನಲ್ಲಿ ತಿಂಗಳಿಗೆ 500 ರೂಪಾಯಿ ಜೀವನಾಂಶ ಕೇಳಿದರು. ವಕೀಲರಾಗಿದ್ದ ಗಂಡ ಅದೇ ನವೆಂಬರ್‌ನಲ್ಲಿ ತಲಾಖ್ ಕೊಟ್ಟು, 3,000 ರೂಪಾಯಿ ಮೆಹರ್ ಕೋರ್ಟಿನಲ್ಲಿಟ್ಟು, ಇನ್ನು ತಮ್ಮ ಹೊಣೆ ಮುಗಿಯಿತೆಂದರು. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಅಷ್ಟನ್ನೂ ಕೊಡಲೊಪ್ಪದೆ ಗಂಡ ಸುಪ್ರೀಂ ಕೋರ್ಟಿನವರೆಗೆ ಹೋದರು. 1985ರ ಏಪ್ರಿಲ್ 23ರಂದು ಸೋತರು. ಆದರೆ ಸಮುದಾಯದೊಳಗಿನ ಒತ್ತಡ ಎಷ್ಟಿತ್ತೆಂದರೆ ಗೆದ್ದ ಆಕೆಯೇ ತನ್ನ ಹಕ್ಕನ್ನು ಬಿಟ್ಟುಕೊಡುವುದಾಗಿ ಹೇಳಬೇಕಾಯಿತು. ನಾವು ಗಮನಿಸಬೇಕಾದದ್ದು ಇದನ್ನು. ಒಬ್ಬ ಗಂಡ ಒಂಟಿಯಾಗಿ ತಪ್ಪಿಸಿಕೊಳ್ಳಲಾರ. ಅವನಿಗೆ ತಮ್ಮನ ಸಹಿ ಬೇಕು, ಹಿರಿಯರ ಮೌನ ಬೇಕು, ಕಾಗದ ಬರೆಯುವ ನಮ್ಮಂಥವರ ಕೈ ಬೇಕು.

ಕಾನೂನು ಅಲ್ಲಿಗೇ ನಿಲ್ಲಲಿಲ್ಲ. 1986ರ ಮುಸ್ಲಿಂ ಮಹಿಳಾ ಕಾಯ್ದೆ ಬಂದಾಗ ಇನ್ನು ಇದ್ದತ್ತಿನ ಮೂರು ತಿಂಗಳಿಗೆ ಎಲ್ಲ ಮುಗಿಯಿತೆಂದು ಹಲವರು ನಿಟ್ಟುಸಿರು ಬಿಟ್ಟರು. ಶಾಬಾನೊ ಪರ ವಾದಿಸಿದ್ದ ದಾನಿಯಲ್ ಲತೀಫಿ ಅವರೇ ಆ ಕಾಯ್ದೆಯನ್ನು ಪ್ರಶ್ನಿಸಿದರು. 2001ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಉಳಿಸಿಕೊಂಡೇ ಅದರ ಅರ್ಥವನ್ನು ಬಿಡಿಸಿ ಹೇಳಿತು: ಕೊಡಬೇಕಾದದ್ದು ಇದ್ದತ್ತಿನೊಳಗೆ, ಆದರೆ ಕೊಡುವುದು ಆಕೆಯ ಮುಂದಿನ ಬದುಕಿಗೆ ಸಾಲುವಷ್ಟು. 2024ರ ಜುಲೈನಲ್ಲಿ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ, ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ಕಾನೂನಿನ ಮೊರೆಹೋಗುವ ದಾರಿಯೂ ಮುಸ್ಲಿಂ ವಿಚ್ಛೇದಿತೆಗೆ ತೆರೆದಿದೆ ಎಂದಿತು. 2020ರ ಮತ್ತೊಂದು ತೀರ್ಪಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು. ಬಾಕಿ ಉಳಿಸಿ ಜೈಲಿಗೆ ಹೋದರೂ ಆ ಬಾಕಿ ತೀರುವುದಿಲ್ಲವೆಂದು 1989ರಲ್ಲೇ ತೀರ್ಮಾನವಾಗಿದೆ.

ಹಾಗೆಂದು ಕೇಳಿದವರಿಗೆಲ್ಲ ಕೇಳಿದಷ್ಟು ಕೊಡಬೇಕೆಂದು ಕಾನೂನೂ ಹೇಳುವುದಿಲ್ಲ. ತನ್ನನ್ನು ತಾನೇ ಪೋಷಿಸಿಕೊಳ್ಳಬಲ್ಲವಳ ಮಾತು ಬೇರೆ. ವಿಚ್ಛೇದಿತೆ ಮರುಮದುವೆಯಾದರೆ ಜೀವನಾಂಶದ ಆದೇಶ ರದ್ದಾಗುತ್ತದೆ. ಗಂಡನ ವ್ಯಾಪಾರ ನಿಜವಾಗಿ ಮುಳುಗಿದ್ದರೆ ಮೊತ್ತ ಇಳಿಸುವಂತೆ ಕೋರ್ಟನ್ನೇ ಕೇಳಬಹುದು. ಇಬ್ಬರೂ ಕೂತು ಮಾತನಾಡಿ ಒಂದೇ ಗಂಟಿನಲ್ಲಿ ಮುಗಿಸಿಕೊಳ್ಳಬಹುದು. ಇವೆಲ್ಲ ಹಗಲಿನಲ್ಲಿ ಮಾಡುವ ಕೆಲಸಗಳು. ನಮ್ಮ ಬಂಧು ಬಂದದ್ದು ರಾತ್ರಿ.

ಕುರ್‌ಆನಿನ ಬಕರ ಅಧ್ಯಾಯದ 241ನೇ ವಚನ ತಲಾಖ್ ಪಡೆದ ಹೆಣ್ಣಿಗೆ ನ್ಯಾಯವಾಗಿ ಸಲ್ಲಬೇಕಾದದ್ದನ್ನು ದೇವಭಯವುಳ್ಳವರ ಹೊಣೆಯಾಗಿಸಿದೆ. ಅದು ಎಷ್ಟು, ಎಲ್ಲಿಯವರೆಗೆ ಎಂಬುದರಲ್ಲಿ ಉಲೇಮಾಗಳ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಸುಳ್ಳು ಕಾಗದ ಹುಟ್ಟಿಸಿ ತಪ್ಪಿಸಿಕೊಳ್ಳಬಹುದೆಂದು ಯಾವ ಮಜ್‌ಹಬ್ಬೂ ಹೇಳುವುದಿಲ್ಲ. ಜೀವನಾಂಶವನ್ನು ನಾವು ದಂಡವೆಂದೋ ಖೈರಾತ್ ಎಂದೋ ಭಾವಿಸಿರುವುದರಿಂದಲೇ ಅದು ನಮಗೆ ಭಾರವಾಗುತ್ತಿದೆ. ಮಂಡಿಯಲ್ಲಿ ಗಂಡ ಲೆಕ್ಕ ಬರೆಯುವಾಗ ಮನೆಯಲ್ಲಿ ಅತ್ತೆಗೆ ಗಂಜಿ ಕುಡಿಸುತ್ತಿದ್ದವಳು ಯಾರು? ಆ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಜೀವನಾಂಶ ಆ ವರ್ಷಗಳ ಬಾಕಿ. ಸಾಲಗಾರ ಊರು ಬಿಟ್ಟರೆ ನಾವು ಅವನನ್ನು ಜಾಣನೆನ್ನುವುದಿಲ್ಲ. ಇಲ್ಲಿ ಮಾತ್ರ ಯಾಕೆ ಅನ್ನುತ್ತೇವೆ?

ನಮ್ಮ ಕಾಗದ ಕೆಲಸ ಮಾಡಿತು. ಕೇಳಿದ್ದರ ಕಾಲುಭಾಗವೂ ಆಕೆಗೆ ಸಿಗಲಿಲ್ಲ. ಒಂದು ವರ್ಷ ಕಳೆದ ಮೇಲೆ ಸೊಸೈಟಿಯಲ್ಲಿ ಅಕ್ಕಿಯ ಸಾಲಿನಲ್ಲಿ ನಿಂತಿದ್ದವಳು ಸಲಾಂ ಹೇಳಿದಳು. "ಕಾಗದ ನೋಡಿದೆ ಭಾಯಿಜಾನ್. ನನ್ನ ಶಾದಿಯ ರುಕ್ಕಾ ಬರೆದ ಅಕ್ಷರ ಅಲ್ಲವೇ, ಗುರುತು ಸಿಕ್ಕಿತು" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅವಳ ಸಾಲು ಮುಂದೆ ಹೋಯಿತು. ನಾವು ಅಲ್ಲೇ ನಿಂತೆವು.

ಆಮೇಲೂ ಇಂಥವರು ಬರುತ್ತಲೇ ಇದ್ದಾರೆ. ಈಗ ನಾವು ಹಾಳೆ ತೆಗೆದು ಎರಡು ಸಾಲು ಎಳೆಯುತ್ತೇವೆ. ಒಂದರಲ್ಲಿ ನಿನ್ನ ದುಡಿಮೆ ಹೇಳು, ಇನ್ನೊಂದರಲ್ಲಿ ಆಕೆಯ ಖರ್ಚು ಹೇಳು, ಎರಡನ್ನೂ ಬರೆಯೋಣ ಎನ್ನುತ್ತೇವೆ. ಕೆಲವರು ಕೂತು ಬರೆಸುತ್ತಾರೆ. ಕೆಲವರು ಚಹಾ ಕೂಡ ಕುಡಿಯದೆ ಎದ್ದು ಹೋಗುತ್ತಾರೆ.