ಉದುರುವ ಕೂದಲು, ಹಚ್ಚುವ ಔಷಧಿ



ಕೂದಲು ಉದುರುವುದಕ್ಕೆ ಔಷಧಿ ಹಚ್ಚುವುದು ಅಲ್ಲಾಹನ ಸೃಷ್ಟಿಯಲ್ಲಿ ಕೈಯಾಡಿಸಿದಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿರುವ, ಬನೀ ಇಸ್ರಾಈಲರ ಮೂವರ ವೃತ್ತಾಂತವನ್ನು ಅವರು ನೆನಪಿಸಿಕೊಳ್ಳಲಿ. ಒಬ್ಬ ಕುಷ್ಠರೋಗಿ, ಒಬ್ಬ ಬೋಳುತಲೆಯವ, ಇನ್ನೊಬ್ಬ ಕುರುಡ. ನಿನಗೇನು ಬೇಕೆಂದು ದೇವಚರನು ಕೇಳಿದಾಗ ಬೋಳುತಲೆಯವನು ಸುಂದರವಾದ ಕೂದಲನ್ನು ಬೇಡಿದ. ಜನರು ತನ್ನನ್ನು ಕಂಡು ಹೇಸುತ್ತಾರೆಂಬ ನೋವು ಅವನಿಗಿತ್ತು. ಆ ಬೇಡಿಕೆಯನ್ನು ಯಾರೂ ಆಕ್ಷೇಪಿಸಲಿಲ್ಲ. ಕೂದಲೂ ಬಂತು, ಗಬ್ಬದ ಹಸುವೂ ಸಿಕ್ಕಿತು. ಮುಂದೆ ಅದೇ ದೇವಚರನು ಬಡ ಬೋಳುತಲೆಯವನ ರೂಪದಲ್ಲಿ ಅವನ ಬಾಗಿಲಿಗೆ ಬಂದ. ತನ್ನ ಹಿಂದಿನ ರೂಪವೇ ಎದುರು ನಿಂತಿದ್ದರೂ ಅವನು ಗುರುತಿಸಲಿಲ್ಲ, ಬರಿಗೈಯಲ್ಲಿ ಕಳುಹಿಸಿದ. ಅವನು ತಪ್ಪಿದ್ದು ಅಲ್ಲಿ, ಕೂದಲು ಬೇಡಿದ್ದರಲ್ಲಲ್ಲ.

ಇಂದು ವೈದ್ಯರು ಬರೆದುಕೊಡುವ ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ಅದನ್ನು ನುಂಗಿದವರ ಮೈಯಲ್ಲಿ ಕೂದಲು ಬೆಳೆಯುವುದು ಕಂಡುಬಂತು. 1988ರಲ್ಲಿ ಅಮೆರಿಕದಲ್ಲಿ ತಲೆಗೆ ಹಚ್ಚುವ ದ್ರವಕ್ಕೆ ಅನುಮತಿ ದೊರೆಯಿತು. ಇದು ವಂಶಪಾರಂಪರ್ಯವಾಗಿ ಬರುವ ಬೋಳಿಗೆ ಔಷಧಿ. ಹೆರಿಗೆಯ ನಂತರ ಉದುರುವ ಕೂದಲು ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ. ರಕ್ತಹೀನತೆ, ಥೈರಾಯ್ಡ್ ಇದ್ದವರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು. ಆರಂಭದ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು, ಗಾಬರಿಯಾಗಬೇಡಿ. ಫಲ ಕಾಣಲು ನಾಲ್ಕು ತಿಂಗಳಾದರೂ ಬೇಕು. ಎಲ್ಲರಿಗೂ ಫಲಿಸುವುದಿಲ್ಲ. ನಿಲ್ಲಿಸಿದರೆ ಬಂದ ಕೂದಲು ಕೆಲವೇ ತಿಂಗಳಲ್ಲಿ ಹೊರಟುಹೋಗುತ್ತದೆ. ಮನೆಯ ಖರ್ಚನ್ನೂ ಸಾಲವನ್ನೂ ನೋಡಿಕೊಂಡೇ ಆರಂಭಿಸಿ.

ಮಗಳ ಮದುವೆಯ ಹೊತ್ತಿಗೆ ಕಾಯಿಲೆಯಿಂದ ಅವಳ ಕೂದಲು ಉದುರಿದಾಗ ಒಬ್ಬ ತಾಯಿ ಪ್ರವಾದಿ(ಸ)ರ ಬಳಿ ಬಂದು, ಬೇರೆ ಕೂದಲು ಜೋಡಿಸಬಹುದೇ ಎಂದು ಕೇಳಿದ್ದರು. ಪ್ರವಾದಿ(ಸ)ರು ಅದನ್ನು ಕಠಿಣವಾಗಿ ನಿಷೇಧಿಸಿದರು. ಆದರೆ ರೋಗಕ್ಕೆ ಚಿಕಿತ್ಸೆ ಮಾಡಿಕೊಳ್ಳಲು ಹೇಳಿದವರೂ ಅವರೇ. ಔಷಧಿಯಿಂದ ಬೆಳೆಯುವುದು ಅವಳದೇ ಕೂದಲು. ಆದರೂ ಸಂಬಂಧ ಕುದುರಿಸುವಾಗ ವಿಷಯ ಮುಚ್ಚಿಡಬೇಡಿ. ಕೂದಲು ತೆಳುವೆಂದು ಹುಡುಗಿಯನ್ನು ಬೇಡವೆನ್ನುವ ಮನೆಗಳಿವೆ. ಹುಡುಗನ ಟೋಪಿಯಡಿ ಏನಿದೆಯೆಂದು ಮಾತ್ರ ಯಾರೂ ಕೇಳುವುದಿಲ್ಲ! ಅಲ್ಲಿ ಚಿಕಿತ್ಸೆ ಬೇಕಾದುದು ತಲೆಗಲ್ಲ.

ಈ ದ್ರವದಲ್ಲಿ ಆಲ್ಕೋಹಾಲ್ ಇರುತ್ತದೆ. ಮೈಗೆ ಹಚ್ಚುವ ಔಷಧಿಯಲ್ಲಿ ಅದಕ್ಕೆ ಇಂದಿನ ಅನೇಕ ವಿದ್ವಾಂಸರು ಅನುಮತಿ ನೀಡಿದ್ದಾರೆ. ಸಂಶಯವಿದ್ದವರು ತಮ್ಮ ಊರಿನ ಉಸ್ತಾದರಲ್ಲಿ ಕೇಳಲಿ. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು ಇದನ್ನು ಹಚ್ಚಬಾರದು. ಹೃದಯದ ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹಚ್ಚಿದ ಮೇಲೆ ನಾಲ್ಕು ಗಂಟೆ ತಲೆ ನೆನೆಸಬಾರದು. ದಿನಕ್ಕೆರಡು ಸಲ ಹಚ್ಚುವವರು ಫಜ್ರ್ ಮತ್ತು ಇಶಾ ನಮಾಝಿನ ನಂತರ ಹಚ್ಚಿದರೆ ಮುಂದಿನ ವುಝೂವಿಗೆ ತೊಡಕಾಗದು. ರಾತ್ರಿ ಚೆನ್ನಾಗಿ ಒಣಗಿದ ಮೇಲೆಯೇ ದಿಂಬಿಗೆ ತಲೆಯಿಡಿ.