ಸಾಲವನ್ನು ಬರೆಸುವವರು ಯಾರು?

ನಮ್ಮೂರು ಉಪ್ಪಿನಬೆಟಗೇರಿಯಲ್ಲಿ ನಮ್ಮವರು ಯಾರಾದರೂ ತೀರಿಕೊಂಡರೆ, ಜನಾಜಾ ನಮಾಜಿಗೆ ಸಾಲು ನಿಂತ ಮೇಲೆ ಮಗನೋ ತಮ್ಮನೋ ಮುಂದೆ ಬಂದು ಒಂದು ಮಾತು ಹೇಳುತ್ತಾನೆ: ತೀರಿಕೊಂಡವರು ಯಾರಿಗಾದರೂ ಹಣ ಕೊಡುವುದಿದ್ದರೆ ನಮಗೆ ತಿಳಿಸಿ, ನಾವು ತೀರಿಸುತ್ತೇವೆ, ಇಲ್ಲವೇ ಮಾಫ್ ಮಾಡಿ. ಆಮೇಲೆ ಅರೆಗಳಿಗೆ ಯಾರೂ ಮಾತಾಡುವುದಿಲ್ಲ. ಅಲ್ಲಿ ನಿಂತವರೆಲ್ಲ ಆ ಹೊತ್ತಿನಲ್ಲಿ ತಂತಮ್ಮ ಲೆಕ್ಕವನ್ನೇ ನೋಡಿಕೊಳ್ಳುತ್ತಿರುತ್ತಾರೆ. ಅಂಥದೊಂದು ಜನಾಜಾ ಮುಗಿಸಿ ಬಂದ ವಾರವೇ ನಾವು ಹೊಸ ಕಾರು ನೋಡಲೆಂದು ಹುಬ್ಬಳ್ಳಿಗೆ ಹೋದೆವು. ಆ ಮಾತು ಶೋರೂಮಿನೊಳಕ್ಕೂ ನಮ್ಮ ಬೆನ್ನು ಹತ್ತಿ ಬಂತು.

ಕಾರಿನ ಮಾತು ಮನೆಯಲ್ಲಿ ಎದ್ದದ್ದು ಅಮ್ಮನ ಮೊಣಕಾಲಿನಿಂದ. ತಿಂಗಳಿಗೆ ಎರಡು ಸಲ ಧಾರವಾಡದ ಡಾಕ್ಟರ ಹತ್ತಿರ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಅವರಿಗೆ ಬೆಟ್ಟವಾಗಿದೆ. ಆದರೆ ಮೊದಲು ಬೇಡವೆಂದವರೂ ಅವರೇ. "ನನಗ ಬಸ್ಸು ಪುಕ್ಕಟ ಐತಿ, ನನ್ನ ಹೆಸರು ಮುಂದ ಮಾಡಿ ಸಾಲ ಮಾಡಬ್ಯಾಡ್ರಿ" ಎಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಷ್ಟೆ. ಅಮ್ಮನ ಮಾತು ನಮಗೆ ಚುಚ್ಚಿತು, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿತ್ತು. ತಿಂಗಳಿಗೆ ಎರಡು ಸಲ ಬಾಡಿಗೆ ಗಾಡಿ ಕರೆದರೂ ಮೂರು ಸಾವಿರ ದಾಟುವುದಿಲ್ಲ. ಉಳಿದರ್ಧ ಕಾರಣವನ್ನು ನಾವು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಕಾರಿನಿಂದ ಇಳಿದವನಿಗೆ ಮದುವೆ ಮನೆಯಲ್ಲಿ ಕುರ್ಚಿ ತಾನಾಗಿ ಬರುತ್ತದೆ. ಬಸ್ಸಿನಿಂದ ಇಳಿದು ನಡೆದು ಬಂದವನು ಕುರ್ಚಿ ಹುಡುಕಬೇಕು. ಅಗತ್ಯ ಯಾವುದು, ಆಸೆ ಯಾವುದು ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ಆಸೆಗೆ ಅಮ್ಮನ ಮೊಣಕಾಲಿನ ಹೆಸರಿಡುವುದು ತಪ್ಪು. ಚೌಕಾಶಿ ಶುರುವಾಗಬೇಕಾದದ್ದು ಅಂಗಡಿಯಲ್ಲಲ್ಲ, ಮನೆಯಲ್ಲಿ.

ನಮ್ಮ ಅಜ್ಜಂದಿರು ಎತ್ತು ಕೊಂಡವರು. ದನದ ಸಂತೆಯಲ್ಲಿ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆ ದಲಾಲಿ ಟವೆಲ್ಲು ಹಾಸಿ, ಅದರ ಕೆಳಗೆ ಬೆರಳು ಹಿಡಿದು ದರ ಕೇಳುತ್ತಿದ್ದ. ಒಪ್ಪಿಗೆಯಾದರೆ ಸಂಚಕಾರ ಕೊಡುತ್ತಿದ್ದರು. ಸಂಚಕಾರವೆಂದರೆ ಮುಂಗಡ, ಅದೇ ಮಾತಿಗೆ ಕುತ್ತು ಎಂಬ ಅರ್ಥವೂ ಇದೆ. ಮಾತು ತಪ್ಪಿದರೆ ಮುಂಗಡ ಕೊಟ್ಟವನಿಗೇ ಕುತ್ತೆಂದು ಬಲ್ಲವರಿಗೆ ಈ ಎರಡು ಅರ್ಥ ಬೇರೆ ಬೇರೆಯಾಗಿ ಕಂಡಿರಲಿಕ್ಕಿಲ್ಲ. ಟವೆಲ್ಲಿನ ಕೆಳಗೆ ಅಡಗಿರುತ್ತಿದ್ದದ್ದು ದರವೊಂದೇ. ಎತ್ತು ಬಯಲಲ್ಲಿ, ನಾಲ್ಕು ಜನರ ಕಣ್ಣ ಮುಂದೆ ನಿಂತಿರುತ್ತಿತ್ತು.

ಶೋರೂಮಿನಲ್ಲಿ ಇದು ತಿರುಗುಮುರುಗಾಗಿದೆ. ದರ ಗೋಡೆಯ ಮೇಲೇ ಇರುತ್ತದೆ, ವ್ಯವಹಾರ ಟವೆಲ್ಲಿನ ಕೆಳಗಿರುತ್ತದೆ. ಗೋಡೆಯ ದರಕ್ಕೆ ಜೀವಾವಧಿ ರಸ್ತೆ ತೆರಿಗೆ ಕೂಡುತ್ತದೆ. ನಮ್ಮ ರಾಜ್ಯದಲ್ಲಿ ಐದು ಲಕ್ಷ ದಾಟಿ ಹತ್ತರೊಳಗಿನ ಕಾರಿಗೆ ಶೇ. 14, ಅದರ ಮೇಲೆ ಉಪಕರ. ವಿಮೆ ಕೂಡುತ್ತದೆ; 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇವು ಕಾನೂನಿನ ಮಾತು, ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಇವುಗಳ ನಡುವೆ ಸೀಟಿನ ಕವರು, ಕೆಳಗಿನ ಮ್ಯಾಟು, 'ಹ್ಯಾಂಡ್ಲಿಂಗ್' ಎಂಬ ಹೆಸರಿನ ಒಂದು ಮೊತ್ತ, ಅವರದೇ ವಿಮೆ ಎಲ್ಲವೂ ಮೆಲ್ಲಗೆ ಬಂದು ಕೂತಿದ್ದವು. ವಿಮೆಯನ್ನು ಹೊರಗೆ ಎಲ್ಲಿ ಬೇಕಾದರೂ ಮಾಡಿಸಬಹುದೆಂದು ಕೇಳಿದಾಗಲೇ ಹೇಳಿದರು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದದ್ದನ್ನು ಮಾತ್ರ ಕೇಳುವ ಮೊದಲೇ ಹೇಳಿದರು. ಅದನ್ನು ಕೇಳಿ ನಾವು ಮಾಡಿದ್ದೇನು? ಉಳಿದ ಹಣವನ್ನು ಕಿಸೆಯಲ್ಲಿ ಇಟ್ಟುಕೊಳ್ಳದೆ, ಒಂದು ಮೆಟ್ಟಿಲು ದೊಡ್ಡ ಕಾರಿನತ್ತ ನೋಡಿದೆವು. ನಮ್ಮ ಅಳತೆಯಾದರೂ ಎಲ್ಲಿತ್ತು!

ಎದುರಿಗೆ ಕೂತ ಹುಡುಗ ನಮ್ಮ ಕಡೆಯವನೇ, ರೈತನ ಮಗ. ನಾವು ಹತ್ತು ಸಾವಿರ ಇಳಿಸೆಂದು ಹಟ ಹಿಡಿದಾಗ ಅವನ ಮುಖ ಸಣ್ಣದಾಯಿತು. ಆಮೇಲೆ ತಿಳಿಯಿತು, ವಿಮೆ ಮತ್ತು ಬಿಡಿಸಾಮಾನಿನ ಮೇಲೆ ಅವನಿಗೆ ತಿಂಗಳ ಗುರಿಯಿದೆ. ಗುರಿ ಮುಟ್ಟದಿದ್ದರೆ ಕೈಗೆ ಬರುವುದು ಬರಿಯ ಸಂಬಳ. ಹಾಗಾದರೆ ಚೌಕಾಶಿ ತಪ್ಪೇ? ತಪ್ಪಲ್ಲ. ಬೇಡದ್ದನ್ನು ಬೇಡವೆನ್ನುವುದು, ಪ್ರತಿ ಮೊತ್ತಕ್ಕೂ ಕಾರಣ ಕೇಳುವುದು ಕೊಳ್ಳುವವನ ಹಕ್ಕು. ಆದರೆ ದರ ಕಟ್ಟುವವನು ಕಣ್ಣಿಗೆ ಕಾಣದಲ್ಲಿ ಕೂತಿರುತ್ತಾನೆ, ಮಾತು ಕೇಳಿಸಿಕೊಳ್ಳುವವನು ಎದುರಿಗಿರುತ್ತಾನೆ. ಅವನನ್ನು ಕಳ್ಳನಂತೆ ನಡೆಸಿಕೊಂಡು ಗೆದ್ದೆವೆಂದು ಊರಲ್ಲಿ ಹೇಳಿಕೊಳ್ಳುವ ನಮ್ಮ ಚಾಳಿಯನ್ನು ನಾವು ಯಾವತ್ತೂ ಪ್ರಶ್ನಿಸಿಕೊಂಡಿಲ್ಲ.

ಆ ಹುಡುಗ ಕೇಳಿದ ಒಂದು ಪ್ರಶ್ನೆ ಮಾತ್ರ ಚೌಕಾಶಿಗಿಂತ ದೊಡ್ಡದಾಗಿತ್ತು. "ತಿಂಗಳಿಗೆ ಎಷ್ಟು ಕಟ್ತೀರಿ ಹೇಳ್ರಿ ಸರ್, ಗಾಡಿ ನಾ ಹೊಂದಿಸಿ ಕೊಡ್ತೀನಿ." ಕೇಳಲು ಎಷ್ಟು ಹಿತ! ಆರು ಲಕ್ಷವನ್ನು ಶೇ. 9ರಂತೆ ಐದು ವರ್ಷಕ್ಕೆ ತೆಗೆದರೆ ಕಂತು ಸುಮಾರು 12,455 ರೂಪಾಯಿ. ಒಟ್ಟು ಬಡ್ಡಿ ಒಂದು ಲಕ್ಷ ನಲವತ್ತೇಳು ಸಾವಿರ. ಏಳು ವರ್ಷಕ್ಕೆ ತೆಗೆದರೆ ಕಂತು 9,653ಕ್ಕೆ ಇಳಿಯುತ್ತದೆ, ಬಡ್ಡಿ ಎರಡು ಲಕ್ಷ ಹನ್ನೊಂದು ಸಾವಿರಕ್ಕೆ ಏರುತ್ತದೆ. ಅದೇ ಶೇ. 9 'ಫ್ಲ್ಯಾಟ್' ಆಗಿದ್ದರೆ, ಅಂದರೆ ಅಸಲು ಕರಗುತ್ತ ಬಂದರೂ ಮೊದಲ ದಿನದ ಪೂರ್ತಿ ಮೊತ್ತಕ್ಕೇ ಬಡ್ಡಿ ಎಣಿಸಿದರೆ, ಐದು ವರ್ಷದ ಬಡ್ಡಿ ಎರಡು ಲಕ್ಷ ಎಪ್ಪತ್ತು ಸಾವಿರ. ನಿಜವಾದ ದರ ಹದಿನೈದನ್ನು ದಾಟುತ್ತದೆ. ಒಂಬತ್ತು ಎಂಬ ಒಂದೇ ಅಂಕಿ, ಎರಡು ವ್ಯವಹಾರ. ಇನ್ನು ಕಂತಿಗೆ ತಿಂಗಳ ಲೆಕ್ಕ ಗೊತ್ತು, ಸುಗ್ಗಿಯ ಲೆಕ್ಕ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಒಬ್ಬರಿಗೆ ಸಂಬಳ, ಒಬ್ಬರಿಗೆ ಹೊಲ. ಹೊಲದ ಹಣ ಬರುವುದು ಹೆಸರು ಮಾರಿದಾಗ, ಕಡಲೆ ಮಾರಿದಾಗ. ಐದನೇ ತಾರೀಕು ಮಾತ್ರ ವರ್ಷಕ್ಕೆ ಹನ್ನೆರಡು ಸಲ ಬರುತ್ತದೆ.

ಬಡ್ಡಿಯ ಮಾತು ಬಂದಾಗ ನಮ್ಮಂಥ ಮನೆಗಳಲ್ಲಿ ಇನ್ನೊಂದು ಮೌನ ಕವಿಯುತ್ತದೆ. ಅದು ನಿಷಿದ್ಧವೆಂದು ಮಕ್ಕಳಿಗೂ ಗೊತ್ತು. ಇಸ್ಲಾಮಿ ಬ್ಯಾಂಕಿಂಗ್ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿದ್ದೂ ಗೊತ್ತು. ಈ ಇಕ್ಕಟ್ಟಿನಲ್ಲಿಯೇ ಮೋಸ ಬೆಳೆಯುತ್ತದೆ. ಬೆಂಗಳೂರಿನ ಐಎಂಎ ಬಡ್ಡಿಯ ಬದಲು ಹಲಾಲ್ ಲಾಭದ ಹೆಸರು ಹೇಳಿತು. 2019ರ ಜೂನ್‌ನಲ್ಲಿ ಅದು ಕುಸಿದಾಗ ಸಾವಿರಾರು ಕುಟುಂಬಗಳು ಮಗಳ ಮದುವೆಗೆ, ಮುಪ್ಪಿಗೆ ಇಟ್ಟ ಹಣ ಕಳೆದುಕೊಂಡವು. ಪದ ಶುದ್ಧವಾಗಿದ್ದರೆ ವ್ಯವಹಾರವೂ ಶುದ್ಧವೆಂದು ನಂಬಿದ್ದಕ್ಕೆ ತೆತ್ತ ಬೆಲೆ ಅದು.

ಕುರ್‌ಆನಿನ ಅತಿ ದೀರ್ಘ ಆಯತ್ತು, ಅಲ್‌ ಬಕರಾದ 282ನೆಯದು, ಸಾಲದ ಕುರಿತಾದದ್ದು. ಸಾಲವನ್ನು ಅವಧಿ ಸಮೇತ ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಸಾಕ್ಷಿಗಳಿರಬೇಕು. ಅದರಲ್ಲಿ ನಾವು ಓದಿಯೂ ಗಮನಿಸದೆ ಬಿಟ್ಟ ಒಂದು ಅಂಶವಿದೆ: ಹೇಳಿ ಬರೆಸಬೇಕಾದವನು ಸಾಲ ತೀರಿಸಬೇಕಾದವನೇ. ಕೊಡುವವನಲ್ಲ, ಪಡೆಯುವವನು. ತನ್ನ ಬಾಯಿಂದ ಹೇಳಬೇಕಾದರೆ ತಾನು ಏನನ್ನು ಹೊರುತ್ತಿದ್ದೇನೆಂದು ಅವನಿಗೆ ಗೊತ್ತಿರಲೇಬೇಕಲ್ಲ! ಶೋರೂಮಿನ ಮೇಜಿನ ಮೇಲೆ ನಮ್ಮ ಮುಂದೆ ಇಟ್ಟದ್ದು ಇಂಗ್ಲಿಷಿನ ಹತ್ತಾರು ಹಾಳೆ. ಬರೆಸಿದವರು ಯಾರೋ, ಪೆನ್ಸಿಲಿನಲ್ಲಿ ಗುರುತು ಮಾಡಿದ ಕಡೆ ಸಹಿ ಹಾಕುವುದಷ್ಟೇ ನಮ್ಮ ಪಾಲು. ರಿಸರ್ವ್ ಬ್ಯಾಂಕಿನ ನಿಯಮದಂತೆ, 2024ರ ಅಕ್ಟೋಬರ್ 1ರಿಂದ ಇಂಥ ಸಾಲಗಳಿಗೆಲ್ಲ ಮುಖ್ಯ ಸಂಗತಿಗಳ ಒಂದು ಪತ್ರ ಕೊಡಬೇಕು. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ ಅದರಲ್ಲಿರಬೇಕು. ಅದು ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕು. ನಾವು ಕನ್ನಡದಲ್ಲಿ ಬೇಕೆಂದೆವು. ಹುಡುಗ ಫೋನು ಮಾಡಿದ, ಕಾದೆವು, ಅಂದು ಸಿಗಲಿಲ್ಲ. ಸಹಿ ಹಾಕದೆ ಎದ್ದು ಬಂದೆವು.

ಹಿಂದಿನ ಸಾಲಕ್ಕೆ ಮುಖವಿತ್ತು. ಸಾಹುಕಾರ ಎದುರಾದರೆ ತಲೆ ತಗ್ಗಿಸಿ ದಾರಿ ಬಿಡಬೇಕಿತ್ತು. ಆ ಅವಮಾನದಿಂದ ರೈತನನ್ನು ಬಿಡಿಸಲೆಂದೇ ನಮ್ಮ ಪಕ್ಕದ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅಲ್ಲಿ ಕೊಡುವವರೂ ಪಡೆಯುವವರೂ ಒಂದೇ ಊರಿನವರು, ಒಬ್ಬರ ಬೆಳೆ ಇನ್ನೊಬ್ಬರಿಗೆ ಕಾಣುತ್ತಿತ್ತು. ಇಂದಿನ ಕಂತಿಗೆ ಅವಮಾನವೂ ಇಲ್ಲ, ಮುಖವೂ ಇಲ್ಲ. ಖಾತೆಯಿಂದ ತಾನೇ ಹೋಗುತ್ತದೆ. ಅವಮಾನ ಹೋದದ್ದು ಒಳ್ಳೆಯದೇ. ಅದರ ಜೊತೆಗೆ, ಸಾಲವೆಂದರೆ ಕೊಟ್ಟ ಮಾತು ಎಂಬ ನೆನಪೂ ಹೋಯಿತು.

ಕಡೆಗೆ ನಾವು ಕೊಂಡದ್ದು ಮೊದಲು ನೋಡಿದ ಸಣ್ಣ ಕಾರನ್ನೇ. ಉಳಿತಾಯದ ಹಣವಿತ್ತು. ಅಕ್ಕನ ಗಂಡ ಭಾಯಿಜಾನ್ ಒಂದಿಷ್ಟು ಕರ್ಜು ಕೊಟ್ಟರು, ಬಡ್ಡಿಯಿಲ್ಲದೆ, ಎರಡು ಸುಗ್ಗಿಯ ವಾಯಿದೆಗೆ. ಆದರೂ ಎರಡು ಲಕ್ಷ ಕಡಿಮೆ ಬಿತ್ತು. ಅದನ್ನು ಬ್ಯಾಂಕಿನಿಂದ ಮೂರು ವರ್ಷಕ್ಕೆ ತೆಗೆದೆವು, ಕನ್ನಡದ ಪತ್ರ ಕೈಗೆ ಬಂದ ಮೇಲೆ. ಬಡ್ಡಿ ಇಪ್ಪತ್ತೊಂಬತ್ತು ಸಾವಿರದಷ್ಟು. ಇನ್ನೊಂದು ವರ್ಷ ಕಾಯಬಹುದಿತ್ತು ಎನ್ನುವವರು ಇದ್ದಾರೆ. ಅವರ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಅಮ್ಮನ ಮೊಣಕಾಲನ್ನು ಉತ್ತರವಾಗಿ ಮುಂದಿಡಲು ನಾಲಿಗೆ ಏಳುವುದಿಲ್ಲ.

ಭಾಯಿಜಾನರ ಕರ್ಜಿಗೆ ಕಾಗದ ಬೇಡವೆಂದು ಅವರೇ ಹೇಳಿದ್ದರು. ನಾವು ಕೇಳಲಿಲ್ಲ. ಒಂದು ನೋಟುಬುಕ್ಕಿನಲ್ಲಿ, ಅಮ್ಮನಿಗೆ ಓದಲಿಕ್ಕೆ ಉರ್ದುವಿನಲ್ಲಿ, ಮಕ್ಕಳಿಗೆ ಓದಲಿಕ್ಕೆ ಕನ್ನಡದಲ್ಲಿ, ಎರಡೂ ಸಾಲಗಳನ್ನು ಹೇಳಿ ಬರೆಸಿದೆವು. ಬರೆದವಳು ತಮ್ಮನ ಮಗಳು. ಇಬ್ಬರು ನೆರೆಯವರು ಸಾಕ್ಷಿ ಹಾಕಿದರು. ಕಾರಿನ ನೋಂದಣಿ ಪತ್ರದಲ್ಲಿ ನಮ್ಮ ಹೆಸರಿನ ಜೊತೆ ಇನ್ನೂ ಬ್ಯಾಂಕಿನ ಹೆಸರಿದೆ. ಕಪಾಟಿನ ಯಾವ ಖಾನೆಯಲ್ಲಿ ಆ ನೋಟುಬುಕ್ಕಿದೆ ಎಂದು ಮನೆಯ ಎಲ್ಲರಿಗೂ ತೋರಿಸಿದ್ದೇವೆ. ನಾಳೆ ಜನಾಜಾದ ಸಾಲಿನ ಮುಂದೆ ನಿಂತು ಬಾಕಿಯ ಮಾತು ಕೇಳಬೇಕಾದವರು ಅವರೇ ಅಲ್ಲವೇ?