ಕೊಟ್ಟಿದ್ದೇನೆ ಎಂಬ ಮಾತು

ನನ್ನ ತಂಗಿಯ ಮಗ ರಾತ್ರಿ ಊಟವಾದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸವೊಂದಿದೆ. ಅದಕ್ಕೆ ಸಂಬಳವಿಲ್ಲ. ಇಂಟರ್‌ನೆಟ್ ನೋಡುವ ಬ್ರೌಸರಿಗೆ ಆಡ್-ಆನ್ ಎಂಬ ಪುಟ್ಟ ಪುಟ್ಟ ಜೋಡಣೆಗಳಿರುತ್ತವೆ. ಜಾಹೀರಾತು ತಡೆಯುವುದು, ಅಕ್ಷರ ದೊಡ್ಡದು ಮಾಡುವುದು, ಹೀಗೆ. ಬರೆದವರು 'ಇದು ಸ್ವತಂತ್ರ ತಂತ್ರಾಂಶ' ಎಂದು ಹೇಳಿಕೊಂಡಿದ್ದರೆ, ಅದು ನಿಜವೇ ಎಂದು ಗಂಟು ಬಿಚ್ಚಿ ನೋಡುವುದು ಇವನ ಪಾಲಿಗೆ ಬಂದದ್ದು. ಅಮೆರಿಕದಲ್ಲಿ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಇಂಥವುಗಳ ಪಟ್ಟಿಯೊಂದನ್ನು ಇಟ್ಟಿದೆ. ಅದನ್ನು ತಿದ್ದಿ ಬೆಳೆಸುವವರಲ್ಲಿ ಸ್ವಯಂಸೇವಕರೂ ಇದ್ದಾರೆ.

ಫ್ರೀ ಎಂದರೆ ಬಿಟ್ಟಿ ಎಂದೇ ನಾನು ತಿಳಿದಿದ್ದೆ. ಅಲ್ಲವಂತೆ. ಬೇಕಾದ ಹಾಗೆ ಬಳಸುವ, ಒಳಗನ್ನು ಓದಿ ತಿದ್ದುವ, ಇನ್ನೊಬ್ಬರಿಗೆ ಹಂಚುವ, ತಿದ್ದಿದ್ದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳಿರಬೇಕು. ದುಡ್ಡಿಗೆ ಮಾರಿದರೂ ತೊಂದರೆಯಿಲ್ಲ. ಇನ್ನು ಬರೆದವನು ಬಾಯಿಬಿಟ್ಟು ಏನೂ ಹೇಳದಿದ್ದರೆ ಕಾನೂನಿನಂತೆ ಹಕ್ಕೆಲ್ಲ ಅವನದೇ. ಅಂಗಳದಲ್ಲಿ ಒಣಹಾಕಿದ ಹಪ್ಪಳ ಎಲ್ಲರ ಕಣ್ಣಿಗೂ ಬಿದ್ದೀತು, ಹಾಗೆಂದು ಎತ್ತಿಕೊಳ್ಳಲಾದೀತೇ?

ಒಂದು ದಿನ ಕರೆದ. "ದೊಡ್ಡಮ್ಮ, ಇಲ್ಲಿ ನೋಡಿ." ಕಣ್ಣು ಮಂಜಾದವರಿಗೆ ಅನುಕೂಲವಾದ ಆಡ್-ಆನ್ ಅದು. ಮೇಲೆ ಜಿಪಿಎಲ್ ಎಂಬ ಪರವಾನಗಿಯ ಹೆಸರಿತ್ತು, 2007ರಲ್ಲಿ ಬಂದ ಮೂರನೆಯ ಆವೃತ್ತಿ. ಒಳಗಿನ ಒಂದು ಕಡತದ ತಲೆಯಲ್ಲಿ ಮಾತ್ರ ಬೇರೆ ಯಾರದೋ ಹೆಸರು, ಅನುಮತಿಯಿಲ್ಲದೆ ಹಂಚಬಾರದೆಂಬ ಸಾಲು.

"ಪಾಪ, ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದಾನೆ. ಅನುಮಾನ ಯಾಕೋ?" ಎಂದೆ.

"ಮನಸ್ಸು ಒಳ್ಳೆಯದೇ. ಆದರೆ ತನ್ನದಲ್ಲದ್ದನ್ನೂ ಕೊಟ್ಟುಬಿಟ್ಟಿದ್ದಾನಲ್ಲ."

ಆ ಮಾತು ನನಗೆ ಚುಚ್ಚಿತು. ಅದಕ್ಕೆ ಕಾರಣವಿದೆ. 2004ರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆಂದು ವ್ಯಾಕರಣದ ಟಿಪ್ಪಣಿ ಜೆರಾಕ್ಸ್ ಮಾಡಿಸಿ ಪುಕ್ಕಟೆ ಹಂಚಿದ್ದೆ. ಮೊದಲ ಪುಟದಲ್ಲಿ ನನ್ನ ಹೆಸರು. ಅರ್ಧಕ್ಕರ್ಧ ಟಿಪ್ಪಣಿ ನನಗಿಂತ ಹಿರಿಯರಾದ ಸಹೋದ್ಯೋಗಿಯೊಬ್ಬರು ವರ್ಷಾನುಗಟ್ಟಲೆ ಕೂತು ಬರೆದದ್ದು. 'ನೋಡಿಕೊಳ್ಳಮ್ಮ' ಎಂದು ನನಗೆ ಕೊಟ್ಟಿದ್ದರು. ನೋಡಿಕೊಳ್ಳಲು ಕೊಟ್ಟದ್ದು. ಕಾಸು ಮುಟ್ಟಲಿಲ್ಲವೆಂಬ ಧೈರ್ಯದಲ್ಲಿ ನಾನು ಅವರನ್ನು ಕೇಳಲೇ ಇಲ್ಲ. ವಾರ್ಷಿಕೋತ್ಸವದಲ್ಲಿ ನನ್ನನ್ನು ಹೊಗಳಿದಾಗ ಅವರೂ ಚಪ್ಪಾಳೆ ತಟ್ಟಿದರು. ಮರುದಿನ ಬಂದು, "ನನಗೂ ಒಂದು ಪ್ರತಿ ಕೊಡಿ" ಎಂದು ಕೇಳಿ ತೆಗೆದುಕೊಂಡು ಹೋದರು. ಅಷ್ಟೇ. ಅವರು ಜಗಳವಾಡಿದ್ದರೆ ನಾನು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲವೇನೋ.

ಹುಡುಗ ಆ ಅಪರಿಚಿತನಿಗೆ ಪತ್ರ ಬರೆದ. ಅದರಲ್ಲಿ ಕಳ್ಳತನ ಎಂಬ ಪದವಿರಲಿಲ್ಲ. ಈ ಕಡತಕ್ಕೆ ಅನುಮತಿ ಇದೆಯೇ, ಇದ್ದರೆ ದಯವಿಟ್ಟು ಬರೆದು ಸೇರಿಸಿ, ಇಲ್ಲದಿದ್ದರೆ ಬೇರೆ ಮಾರ್ಗ ನೋಡೋಣ ಎಂದಷ್ಟೇ ಇತ್ತು. ಪರೀಕ್ಷೆ ಎಂದರೆ ಅವಮಾನವೆಂದು ನಾನಂದುಕೊಂಡಿದ್ದೆ. ಆ ಪತ್ರ ಓದಿದ ಮೇಲೆ ಹಾಗನ್ನಿಸಲಿಲ್ಲ. ನನಗೂ ಅಂದು ಯಾರಾದರೂ ಹೀಗೆ ಕೇಳಿದ್ದರೆ, ಮೊದಲ ಪುಟಕ್ಕೆ ಇನ್ನೊಂದು ಹೆಸರು ಸೇರಿಸುವುದು ಎಷ್ಟು ಹೊತ್ತಿನ ಕೆಲಸ?

ಉತ್ತರ ಇನ್ನೂ ಬಂದಿಲ್ಲ. ಆಡ್-ಆನ್ ಪಟ್ಟಿಗೆ ಸೇರಿಲ್ಲ. ಅಕ್ಷರ ದೊಡ್ಡದಾಗಿ ಕಾಣುವುದು ನನಗೂ ಬೇಕಾಗಿತ್ತು. "ನೀವು ಹಾಕಿಕೊಳ್ಳಿ ದೊಡ್ಡಮ್ಮ, ಯಾರೂ ಕೇಳುವುದಿಲ್ಲ" ಎಂದ. ಸದ್ಯಕ್ಕೆ ಕನ್ನಡಕದಲ್ಲೇ ಓದುತ್ತಿದ್ದೇನೆ.